ಮೆಡೋ ರೂ ಬೇಸಾಯ: ತಪ್ಪು ಕಲ್ಪನೆ ಮತ್ತು ಸತ್ಯ

ಯುರೋಪ್, ಉತ್ತರ ಅಮೆರಿಕ ಮತ್ತು ಪೂರ್ವ ಏಷ್ಯಾದ ಚಳಿ ಸೀಮೆಯ ಉದ್ಯಾನಗಳಲ್ಲಿ ಮೆಡೋ ರೂ ಎಂದು ಕರೆಯಲಾಗುವ ಥ್ಯಾಲಿಕ್ಟ್ರಮ್ ಕುಲದ ಗಿಡಗಳನ್ನು ಬಹುವಾರ್ಷಿಕಗಳಾಗಿ ಬೆಳೆಸಲಾಗುತ್ತದೆ. ಅಂದರೆ ಚಳಿಗಾಲದಲ್ಲಿ ನೆಲದ ಮೇಲಿನ ಭಾಗವೆಲ್ಲ ಒಣಗಿಹೋದರೂ ಬುಡದಲ್ಲಿ ಜೀವ ಉಳಿಸಿಕೊಂಡು, ಪ್ರತಿ ವಸಂತದಲ್ಲಿ ಹೊಸದಾಗಿ ಚಿಗುರುವ ಗಿಡಗಳಿವು. ಲಿನ್ನೇಯಸ್ 1753ರಲ್ಲಿ ಪ್ರಕಟಿಸಿದ ‘ಸ್ಪೀಶೀಸ್ ಪ್ಲಾಂಟಾರಮ್’ ಗ್ರಂಥದಲ್ಲಿ ಸೇರಿರುವ ಈ ಕುಲಕ್ಕೆ ಇಂದು ನೂರೈವತ್ತಕ್ಕೂ ಹೆಚ್ಚು ಪ್ರಭೇದಗಳು ಸೇರಿವೆ. ಗೇಣುದ್ದದ ಪುಟ್ಟ ಗಿಡಗಳಿಂದ ಹಿಡಿದು ಆಳೆತ್ತರ ನಿಲ್ಲುವ ಗಿಡಗಳವರೆಗೆ ಅವುಗಳ ವೈವಿಧ್ಯ ಹರಡಿದೆ. ಇಷ್ಟು ವಿಸ್ತಾರವಾದ ಕುಲವನ್ನು ಒಂದೇ ಗಿಡವೆಂದು ಭಾವಿಸಿ, ಒಂದು ಪ್ರಭೇದದ ಗುಣವನ್ನು ಎಲ್ಲಕ್ಕೂ ಅನ್ವಯಿಸಿದ್ದರಿಂದಲೇ ಇದರ ಬಗೆಗಿನ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಹುಟ್ಟಿವೆ. ಪ್ರತಿಯೊಂದು ಪ್ರಭೇದವೂ ಮೂಲತಃ ಎಲ್ಲಿ, ಯಾವ ಮಣ್ಣಿನಲ್ಲಿ, ಎಂಥ ಚಳಿಯಲ್ಲಿ ಬೆಳೆಯುತ್ತದೆ ಎಂಬುದನ್ನು ಅರಿತವರಿಗೆ ಇದರ ಬೇಸಾಯ ಕಷ್ಟವಾಗದು.

ತಪ್ಪು ಕಲ್ಪನೆ: ಮೆಡೋ ರೂ ಎಂಬುದು ‘ರೂ’ ಮೂಲಿಕೆಯ ಒಂದು ಬಗೆ.

ಸತ್ಯ: ರೂ ಎಂದರೆ ಕನ್ನಡನಾಡಿನಲ್ಲಿ ನಾಗದಾಳಿ ಸೊಪ್ಪೆಂದು ಪರಿಚಿತವಾದ, ಕಟುವಾಸನೆಯ ರೂಟಾ ಗಿಡ, ಅದು ನಿಂಬೆ, ಬಿಲ್ವ ಮತ್ತು ಕರಿಬೇವುಗಳನ್ನು ಒಳಗೊಂಡ ರೂಟೇಸೀ ಕುಟುಂಬಕ್ಕೆ ಸೇರಿದೆ. ಮೆಡೋ ರೂ ಸೇರಿರುವುದು ಕ್ಲೆಮಾಟಿಸ್, ಡೆಲ್ಫಿನಿಯಮ್ ಮತ್ತು ಕಲೋಂಜಿ ಎಂದು ಮಾರಾಟವಾಗುವ ಕರಿಜೀರಿಗೆಗಳ ರಾನನ್‌ಕ್ಯುಲೇಸೀ ಕುಟುಂಬಕ್ಕೆ. ಎರಡರ ಎಲೆಗಳೂ ಚಿಕ್ಕ ಚಿಕ್ಕ ಕಿರುಎಲೆಗಳಾಗಿ ಒಡೆದಿರುವುದರಿಂದ ಮೇಲ್ನೋಟಕ್ಕೆ ಹೋಲಿಕೆ ಕಾಣುತ್ತದೆಯೇ ಹೊರತು ರಕ್ತಸಂಬಂಧವಿಲ್ಲ. ನಾಗದಾಳಿಯ ಎಲೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆಯ ಗ್ರಂಥಿಗಳು ಸೂಜಿಮೊನೆಯ ಚುಕ್ಕೆಗಳಂತೆ ಪಾರದರ್ಶಕವಾಗಿ ಹೊಳೆಯುತ್ತವೆ. ಮೆಡೋ ರೂವಿನ ಎಲೆಯಲ್ಲಿ ಅಂಥ ಚುಕ್ಕೆಗಳಿಲ್ಲ. ಈ ವ್ಯತ್ಯಾಸಕ್ಕೆ ಬೇಸಾಯದಲ್ಲೂ ಬೆಲೆಯಿದೆ: ರೂ ಬಿಸಿಲು ಮತ್ತು ಒಣ ನೆಲವನ್ನು ಬಯಸುವ ಮೆಡಿಟರೇನಿಯನ್ ಸೀಮೆಯ ಗಿಡವಾದ್ದರಿಂದ, ಅದಕ್ಕೆ ಒಪ್ಪುವ ಜಾಗದಲ್ಲಿ ನೆಟ್ಟ ಮೆಡೋ ರೂವಿನ ಬಹುತೇಕ ಪ್ರಭೇದಗಳು ಬಾಡಿಹೋಗುತ್ತವೆ.

ತಪ್ಪು ಕಲ್ಪನೆ: ಮೆಡೋ ರೂವಿನ ಮೋಡದಂಥ ಹೂಗೊಂಚಲು ಅಸಂಖ್ಯ ಪುಟ್ಟ ದಳಗಳಿಂದ ಆದದ್ದು.

ಸತ್ಯ: ಈ ಕುಲದ ಹೂವುಗಳಿಗೆ ನಿಜವಾದ ದಳಗಳೇ ಇಲ್ಲ. ಹೂವಿನ ಹೊರಸುತ್ತಿನಲ್ಲಿ, ಮೊಗ್ಗನ್ನು ಕಾಯುವ ಪುಷ್ಪಪತ್ರಗಳು ಮಾತ್ರ ಇರುತ್ತವೆ. ಯುರೋಪಿನ ಥ್ಯಾಲಿಕ್ಟ್ರಮ್ ಅಕ್ವಿಲೀಜಿಫೋಲಿಯಮ್‌ನಲ್ಲಿ ಹೂವು ಅರಳುತ್ತಿದ್ದಂತೆಯೇ ಅವು ಉದುರಿಹೋಗುತ್ತವೆ. ಆಮೇಲೆ ಉಳಿಯುವುದು ಕೇಸರಗಳ, ಅಂದರೆ ಪರಾಗವನ್ನು ಹೊತ್ತ ಎಳೆಗಳ ದಟ್ಟವಾದ ಕುಚ್ಚು. ತಿಳಿ ನೇರಳೆ ಬಣ್ಣದ ಈ ಎಳೆಗಳು ತುದಿಯತ್ತ ದಪ್ಪಗಾಗಿ, ದಳಗಳು ಮಾಡಬೇಕಾದ ಕೆಲಸವನ್ನು ತಾವೇ ವಹಿಸಿಕೊಂಡು ಕೀಟಗಳನ್ನು ಸೆಳೆಯುತ್ತವೆ. ಪಶ್ಚಿಮ ಚೀನಾದ ಥ್ಯಾಲಿಕ್ಟ್ರಮ್ ಡೆಲವಾಯಿಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ನೇರಳೆ ಬಣ್ಣದ ಪುಷ್ಪಪತ್ರಗಳೇ ಉಳಿದು, ಅವುಗಳ ನಡುವೆ ಕೆನೆಹಳದಿ ಕೇಸರಗಳು ಇಳಿಬೀಳುತ್ತವೆ. ಯುನ್ನಾನ್ ಪ್ರಾಂತ್ಯದಲ್ಲಿ ಸಸ್ಯಸಂಗ್ರಹ ಮಾಡಿದ ಫ್ರೆಂಚ್ ಪಾದ್ರಿ ಜಾನ್ ಮಾರೀ ಡೆಲವೇ ಅವರ ಹೆಸರನ್ನು ಈ ಪ್ರಭೇದಕ್ಕೆ ಇಡಲಾಗಿದೆ. ಅದರ ‘ಹೆವಿಟ್ಸ್ ಡಬಲ್’ ಎಂಬ ತಳಿಯಲ್ಲಿ ಕೇಸರಗಳೆಲ್ಲ ಪುಷ್ಪಪತ್ರಗಳಂತೆ ಮಾರ್ಪಟ್ಟಿರುವುದರಿಂದ ಹೂವು ಪುಟ್ಟ ಗುಂಡಿಯಷ್ಟು ದುಂಡಗೆ ತುಂಬಿಕೊಂಡಿರುತ್ತದೆ, ಹೆಚ್ಚು ದಿನ ಬಾಳುತ್ತದೆ, ಆದರೆ ಬೀಜ ಕಟ್ಟುವುದಿಲ್ಲ. ಉತ್ತರ ಅಮೆರಿಕದ ಥ್ಯಾಲಿಕ್ಟ್ರಮ್ ಡೈಯೋಯಿಕಮ್‌ನಂಥ ಪ್ರಭೇದಗಳು ಕೀಟಗಳನ್ನು ನೆಚ್ಚದೆ ಗಾಳಿಯ ಮೂಲಕ ಪರಾಗ ಹರಡುತ್ತವೆ. ಇವುಗಳಲ್ಲಿ ಗಂಡು ಹೂ ಮತ್ತು ಹೆಣ್ಣು ಹೂ ಬೇರೆ ಬೇರೆ ಗಿಡಗಳಲ್ಲಿ ಬಿಡುತ್ತವೆ. ಗಂಡು ಗಿಡದ ತೆಳುವಾದ ಕೇಸರಗಳು ಕೆಳಗೆ ಜೋತುಬಿದ್ದು ಸಣ್ಣ ಗಾಳಿಗೂ ತೊನೆಯುತ್ತವೆ. ಒಂದೇ ಗಿಡವನ್ನು ನೆಟ್ಟು ಅದರಿಂದ ಬೀಜ ನಿರೀಕ್ಷಿಸಿ ನಿರಾಶರಾಗುವುದಕ್ಕೆ ಈ ಏರ್ಪಾಡು ಒಂದು ಕಾರಣ.

ತಪ್ಪು ಕಲ್ಪನೆ: ಹೆಸರಿನಲ್ಲಿ ‘ಮೆಡೋ’, ಅಂದರೆ ಹುಲ್ಲುಗಾವಲು, ಇರುವುದರಿಂದ ಇದನ್ನು ಬಯಲಿನಲ್ಲಿ, ನೀರು ನಿಲ್ಲುವ ಜಾಗದಲ್ಲಿ ನೆಡಬೇಕು.

ಸತ್ಯ: ಯುರೋಪಿನ ಜೌಗು ಹುಲ್ಲುಗಾವಲುಗಳಲ್ಲಿ ಬೆಳೆಯುವುದು ಥ್ಯಾಲಿಕ್ಟ್ರಮ್ ಫ್ಲೇವಮ್. ಥ್ಯಾಲಿಕ್ಟ್ರಮ್ ಮೈನಸ್ ಸುಣ್ಣಕಲ್ಲಿನ ಒಣ ಇಳಿಜಾರುಗಳಲ್ಲೂ ಕಡಲತೀರದ ಮರಳದಿಬ್ಬಗಳಲ್ಲೂ ಬದುಕುತ್ತದೆ. ಥ್ಯಾಲಿಕ್ಟ್ರಮ್ ಆಲ್ಪೈನಮ್ ಉತ್ತರ ಧ್ರುವದ ಸಮೀಪದ ನೆಲದಲ್ಲೂ ಪರ್ವತಗಳ ಎತ್ತರದಲ್ಲೂ ಗೇಣುದ್ದ ಬೆಳೆಯುತ್ತದೆ. ಡೆಲವಾಯಿ ಬೆಟ್ಟಗಾಡಿನ ಕುರುಚಲು ಮತ್ತು ಕಾಡಂಚಿನ ಗಿಡ. ಉದ್ಯಾನಗಳಲ್ಲಿ ಹೆಚ್ಚಾಗಿ ಕಾಣುವ ಪ್ರಭೇದಗಳಿಗೆ ಎಲೆಗೊಬ್ಬರ ಬೆರೆತು ತೇವ ಹಿಡಿದಿಡುವ, ಆದರೆ ನೀರು ನಿಲ್ಲದೆ ಬಸಿದುಹೋಗುವ ಮಣ್ಣು ಮತ್ತು ಮಧ್ಯಾಹ್ನದ ಬಿಸಿಲನ್ನು ತಡೆಯುವ ಅರೆನೆರಳು ಹಿತ. ಚಳಿಗಾಲದಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಬೇಸಿಗೆಯಲ್ಲಿ ಬೇರು ಒಣಗಿದರೆ ಎಲೆಯ ಮೇಲೆ ಬಿಳಿ ಪುಡಿ ಹರಡುವ ಬೂದಿ ರೋಗ ಬೇಗ ತಗಲುತ್ತದೆ.

ತಪ್ಪು ಕಲ್ಪನೆ: ಎತ್ತರದ ಗಿಡವಾದ್ದರಿಂದ ಇದಕ್ಕೆ ಹಿಂದಿನ ಸಾಲೇ ಗತಿ, ಗೊಬ್ಬರ ಹೆಚ್ಚು ಹಾಕಿದಷ್ಟೂ ಲಾಭ.

ಸತ್ಯ: ಡೆಲವಾಯಿ ಸುಮಾರು ಒಂದೂವರೆ ಮೀಟರ್ ಏರಿದರೂ ಅದರ ಕಾಂಡ ತೆಳು, ಎಲೆ ವಿರಳ, ಮುಂದಿನ ಸಾಲಿನಲ್ಲಿ ನಿಲ್ಲಿಸಿದರೂ ಹಿಂದಿನ ಗಿಡಗಳು ಅದರ ಮೂಲಕ ಕಾಣುತ್ತವೆ. ಸಾರಜನಕ ಮಿತಿಮೀರಿದರೆ ಕಾಂಡ ಮೆತ್ತಗಾಗಿ ಬಾಗುತ್ತದೆ. ಬುಡಕ್ಕೆ ವರ್ಷಕ್ಕೊಮ್ಮೆ ಕೊಳೆತ ಗೊಬ್ಬರದ ಹೊದಿಕೆ, ಗಾಳಿಗೆ ಮರೆ ಮತ್ತು ಹೂ ತೆರೆಯುವ ಮೊದಲೇ ಒಂದು ಆಸರೆ ಕೋಲು ಇದ್ದರೆ ಸಾಕು.

ತಪ್ಪು ಕಲ್ಪನೆ: ವಸಂತ ಬಂದರೂ ಚಿಗುರು ಕಾಣದಿದ್ದರೆ ಗಿಡ ಸತ್ತಿದೆ, ಬಿತ್ತಿದ ಬೀಜ ತಿಂಗಳಾದರೂ ಮೊಳೆಯದಿದ್ದರೆ ಅದು ಜೊಳ್ಳು.

ಸತ್ಯ: ಈ ಒಂದು ನಂಬಿಕೆಯಿಂದಲೇ ಎಷ್ಟೋ ಗಿಡಗಳು ಜೀವಂತವಾಗಿರುವಾಗಲೇ ಅಗೆತಕ್ಕೆ ಬಲಿಯಾಗಿವೆ. ಹಲವು ಪ್ರಭೇದಗಳು ನೆರೆಯ ಗಿಡಗಳೆಲ್ಲ ಹಸಿರಾದ ಮೇಲೆ ನಿಧಾನವಾಗಿ ತಲೆಯೆತ್ತುವುದರಿಂದ, ಗಿಡ ಒಣಗುವ ಮೊದಲೇ ಅದರ ಜಾಗಕ್ಕೊಂದು ಗುರುತಿನ ಕಡ್ಡಿ ಊರಿ, ವಸಂತದಲ್ಲಿ ಅಲ್ಲಿ ಗುದ್ದಲಿ ತಾಗಿಸದಿರುವುದು ಲೇಸು. ಬೀಜದ ವಿಷಯದಲ್ಲೂ ಸಹನೆ ಬೇಕು. ರಾನನ್‌ಕ್ಯುಲೇಸೀ ಕುಟುಂಬದ ಅನೇಕ ಗಿಡಗಳಲ್ಲಿ ಬೀಜ ಉದುರುವಾಗ ಅದರೊಳಗಿನ ಭ್ರೂಣ, ಅಂದರೆ ಮುಂದೆ ಗಿಡವಾಗಬೇಕಾದ ಅಂಕುರ, ಇನ್ನೂ ಪೂರ್ತಿ ಬಲಿತಿರುವುದಿಲ್ಲ. ತೇವ ಮತ್ತು ತಂಪು ಸಿಕ್ಕ ಮೇಲೆ ಅದು ಒಳಗೇ ಬೆಳೆದು, ನಂತರ ಸಿಪ್ಪೆ ಒಡೆಯುತ್ತದೆ. ಈ ಕಾಯುವ ಸ್ಥಿತಿಗೆ ಸುಪ್ತಾವಸ್ಥೆ ಎಂದು ಹೆಸರು. ಆದ್ದರಿಂದ ಬೀಜವನ್ನು ಮಾಗಿದೊಡನೆ ಬಿತ್ತಿ, ಕುಂಡವನ್ನು ಚಳಿಗಾಲವಿಡೀ ಹೊರಗಿಡುವುದು ಉತ್ತಮ. ಹಳೆಯ ಬೀಜ ಮೊಳೆಯಲು ಮತ್ತೊಂದು ಚಳಿಗಾಲವೂ ಬೇಕಾದೀತು. ಬೀಜವೇ ಇಲ್ಲದ ‘ಹೆವಿಟ್ಸ್ ಡಬಲ್’ ತಳಿಯನ್ನು ವಸಂತದ ಆರಂಭದಲ್ಲಿ ಬುಡ ಸೀಳಿ, ಪ್ರತಿ ತುಂಡಿನಲ್ಲೂ ಕಣ್ಣು ಮತ್ತು ಬೇರು ಇರುವಂತೆ ಬೇರ್ಪಡಿಸಿ ನೆಡಬೇಕು. ಹಾಗೆ ಸೀಳಿದ ಗಿಡ ಚೇತರಿಸಿಕೊಳ್ಳಲು ಕಾಲ ಹಿಡಿಯುವುದರಿಂದ ಇದನ್ನು ಪದೇ ಪದೇ ಮಾಡುವುದು ಹಿತವಲ್ಲ.

ತಪ್ಪು ಕಲ್ಪನೆ: ಔಷಧೀಯ ಸಸ್ಯವಾದ್ದರಿಂದ ಇದರ ಬೇರನ್ನು ಮನೆಮದ್ದಾಗಿ ನಿರ್ಭಯವಾಗಿ ಬಳಸಬಹುದು.

ಸತ್ಯ: ಹಿಮಾಲಯದ ಥ್ಯಾಲಿಕ್ಟ್ರಮ್ ಫೋಲಿಯೊಲೋಸಮ್‌ನ ಹಳದಿ ಬೇರಿಗೆ ಸಾಂಪ್ರದಾಯಿಕ ವೈದ್ಯದಲ್ಲಿ ಸ್ಥಾನವಿರುವುದು ನಿಜ. ಆ ಹಳದಿ ಬಣ್ಣಕ್ಕೆ ಮುಖ್ಯ ಕಾರಣವಾದ ಬರ್ಬರಿನ್ ಎಂಬ ಕಹಿ ಆಲ್ಕಲಾಯ್ಡ್, ಅಂದರೆ ಸಾರಜನಕವನ್ನು ಒಳಗೊಂಡ ಸಸ್ಯಜನ್ಯ ರಾಸಾಯನಿಕ, ಮರದರಿಶಿನದಲ್ಲೂ ಇದೆ. ದೇಹದ ಮೇಲೆ ಪರಿಣಾಮ ಬೀರುವಷ್ಟು ಶಕ್ತಿಯಿರುವುದರಿಂದಲೇ ಅದು ಔಷಧ. ಗರ್ಭಿಣಿಯರಿಗೂ ನವಜಾತ ಶಿಶುಗಳಿಗೂ ಅದು ಸಲ್ಲದು. ಒಂದೊಂದು ಪ್ರಭೇದದಲ್ಲಿ ಒಂದೊಂದು ಬಗೆಯ ಆಲ್ಕಲಾಯ್ಡ್‌ಗಳಿರುವಾಗ, ಅಂದಕ್ಕಾಗಿ ಬೆಳೆಸಿದ ಉದ್ಯಾನದ ಗಿಡವನ್ನು ಕಷಾಯಕ್ಕೆ ಬಳಸುವುದು ಅಪಾಯಕ್ಕೆ ಆಹ್ವಾನ.

ತಪ್ಪು ಕಲ್ಪನೆ: ಬೀಜ ತರಿಸಿಕೊಂಡರೆ ಈ ಗಿಡವನ್ನು ಎಲ್ಲಿ ಬೇಕಾದರೂ ಬೆಳೆಸಬಹುದು.

ಸತ್ಯ: ಉದ್ಯಾನಗಳ ಪ್ರಸಿದ್ಧ ಪ್ರಭೇದಗಳೆಲ್ಲ ಕೊರೆಯುವ ಚಳಿಗಾಲಕ್ಕೆ ಹೊಂದಿಕೊಂಡ ಗಿಡಗಳು; ಆ ಚಳಿಯಲ್ಲೇ ಅವುಗಳ ಬೀಜ ಮೊಳಕೆಗೆ ಸಿದ್ಧವಾಗುತ್ತದೆ, ಬುಡಕ್ಕೆ ವಿಶ್ರಾಂತಿ ಸಿಗುತ್ತದೆ. ಬೆಂಗಳೂರಿನಂಥ ಊರಿನ ಹದವಾದ ಮಾಗಿಯಲ್ಲಿ ಆ ವಿಶ್ರಾಂತಿ ದೊರೆಯದು, ಬಯಲುಸೀಮೆಯ ಬೇಸಿಗೆಯ ಝಳವನ್ನು ಅವು ತಾಳಲಾರವು. ಬ್ರಿಟನ್ನಿನಲ್ಲೋ ಉತ್ತರ ಅಮೆರಿಕದ ಚಳಿ ಸೀಮೆಯಲ್ಲೋ ನೆಲೆಸಿರುವ ಕನ್ನಡಿಗರ ಹಿತ್ತಲಿಗೆ ಇವು ಸಲ್ಲುತ್ತವೆ. ಹಾಗೆಂದು ಈ ಕುಲ ದಕ್ಷಿಣ ಭಾರತಕ್ಕೆ ಪರಕೀಯವಲ್ಲ: ನೀಲಗಿರಿಯ ಎತ್ತರದಲ್ಲಿ ಥ್ಯಾಲಿಕ್ಟ್ರಮ್ ಜಾವಾನಿಕಮ್ ಇದೆ, ಸಹ್ಯಾದ್ರಿಯ ಎತ್ತರದ ಭಾಗಗಳಲ್ಲಿ ಮಳೆಗಾಲದಲ್ಲಿ ಹೂಬಿಡುವ ಥ್ಯಾಲಿಕ್ಟ್ರಮ್ ಡಾಲ್ಜೆಲ್ಲಿಯೈ ಇದೆ. ತಂಪು, ಮಂಜು ಮತ್ತು ಬೆಟ್ಟದ ಮಣ್ಣನ್ನು ನೆಚ್ಚಿ ಬದುಕುವ ಇವುಗಳನ್ನು ಕಿತ್ತು ತಂದು ಊರಿನ ಕುಂಡದಲ್ಲಿ ಸಾಯಿಸುವುದು ಸಸ್ಯಪ್ರೀತಿ ಎನಿಸದು. ಅವು ಬೆಳೆಯುವ ಇಳಿಜಾರುಗಳನ್ನು ಉಳಿಸಿಕೊಳ್ಳುವುದೇ ಈ ನಾಡಿನಲ್ಲಿ ಅವುಗಳಿಗೆ ಸಲ್ಲಬೇಕಾದ ಆರೈಕೆ.