ಒಂದು ಗೋಡೆ, ಹಲವು ಗುರುತು

ಕಟ್ಟಡವೊಂದರ ಮೂರು ಆಯಾಮದ ಮಾದರಿಯನ್ನು ಗಣಕದಲ್ಲಿ ಅಚ್ಚುಕಟ್ಟಾಗಿ ಸಿದ್ಧಪಡಿಸಿದ ಮೇಲೂ, ಅದರಿಂದ ತೆಗೆದ ಅಂದಾಜುಪಟ್ಟಿಯಲ್ಲಿ ಇಟ್ಟಿಗೆ, ಕಾಂಕ್ರೀಟು, ಗಾರೆಗಳ ಲೆಕ್ಕ ತಾಳೆಯಾಗದಿರುವುದೇಕೆ ಎಂಬ ಪ್ರಶ್ನೆ ನಿರ್ಮಾಣ ಕ್ಷೇತ್ರದಲ್ಲಿ ಮತ್ತೆ ಮತ್ತೆ ಏಳುತ್ತದೆ. ಅಳತೆಗಳೆಲ್ಲ ಸರಿಯಿದ್ದೂ ಲೆಕ್ಕ ತಪ್ಪುವುದಕ್ಕೆ ಮುಖ್ಯ ಕಾರಣಗಳಲ್ಲೊಂದು ವರ್ಗೀಕರಣದ ಲೋಪ, ಅಂದರೆ ಮಾದರಿಯ ಒಂದೊಂದು ಘಟಕವೂ ಏನು, ಯಾವ ಕೆಲಸಕ್ಕೆ ಸೇರಿದ್ದು ಎಂಬುದನ್ನು ತಿಳಿಸುವ ಗುರುತನ್ನು ಹಚ್ಚದಿರುವುದು ಅಥವಾ ತಪ್ಪಾಗಿ ಹಚ್ಚಿರುವುದು.

ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್, ಚಿಕ್ಕದಾಗಿ ಬಿಮ್, ಎಂಬ ಪದ್ಧತಿಯಲ್ಲಿ ಗೋಡೆಯೆಂದರೆ ಕಾಗದದ ಮೇಲಿನ ಎರಡು ಗೆರೆಗಳಲ್ಲ. ದಪ್ಪ, ಎತ್ತರ, ಸಾಮಗ್ರಿ, ಅದರೊಳಗಿನ ಕಿಟಕಿ ಬಾಗಿಲುಗಳ ವಿವರವನ್ನೆಲ್ಲ ಹೊತ್ತಿರುವ ಒಂದು ವಸ್ತು. ನಕ್ಷೆಗಳೂ ಪಟ್ಟಿಗಳೂ ಒಂದೇ ಮಾಹಿತಿಕೋಶದಿಂದ ಹೊಮ್ಮಬೇಕೆಂಬ ವಿಚಾರವನ್ನು ಅಮೆರಿಕದ ಚಾರ್ಲ್ಸ್ ಈಸ್ಟ್‌ಮನ್ 1970ರ ದಶಕದಲ್ಲೇ ಮಂಡಿಸಿದ್ದರು. ಆದರೆ ಆಕಾರವನ್ನು ಬಲ್ಲ ಗಣಕ ಅರ್ಥವನ್ನು ತಾನಾಗಿ ಅರಿಯದು. ಅಡುಗೆಮನೆಯ ಕಟ್ಟೆಯನ್ನೇ ನೋಡಬಹುದು. ನೆಲ, ತಾರಸಿಗಳಿಗೆಂದು ಇರುವ ಸ್ಲ್ಯಾಬ್ ಸಾಧನದಿಂದ ಅದನ್ನು ಬಿಡಿಸುವುದು ಸುಲಭವಾದ್ದರಿಂದ, ಎರಡಡಿ ಅಗಲದ ಗ್ರಾನೈಟ್ ಹಾಸನ್ನು ಅದರಲ್ಲೇ ಬಿಡಿಸುವ ರೂಢಿಯಿದೆ. ತೆರೆಯ ಮೇಲೆ ಅದು ಕಟ್ಟೆಯಾಗಿಯೇ ಕಾಣುತ್ತದೆ. ಪಟ್ಟಿಯಲ್ಲಿ ಮಾತ್ರ ತಾರಸಿಯ ಪಕ್ಕ ಕುಳಿತು, ಸ್ಲ್ಯಾಬುಗಳ ಒಟ್ಟು ಪ್ರಮಾಣವನ್ನು ಹಿಗ್ಗಿಸುತ್ತದೆ.

ಬೇರೆ ಬೇರೆ ಕಂಪನಿಗಳ ತಂತ್ರಾಂಶಗಳು ಪರಸ್ಪರ ಮಾದರಿಗಳನ್ನು ಓದಿಕೊಳ್ಳಲೆಂದು ರೂಪುಗೊಂಡ ಐಎಫ್‌ಸಿ ಎಂಬ ಸಾಮಾನ್ಯ ಭಾಷೆಯಲ್ಲಿ, ಗೋಡೆ, ಕಂಬ, ತೊಲೆ, ಮೆಟ್ಟಿಲು ಎಲ್ಲಕ್ಕೂ ನಿಗದಿತ ವರ್ಗಗಳಿವೆ. 2013ರಲ್ಲಿ ಇದು ಐಎಸ್‌ಒ 16739 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಯಾವ ವರ್ಗಕ್ಕೂ ಸೇರದ ವಸ್ತುಗಳಿಗಾಗಿ ಪ್ರಾಕ್ಸಿ, ಅಂದರೆ ಬದಲಿ ಘಟಕ, ಎಂಬ ಒಂದು ಮೂಲೆಯನ್ನೂ ಅಲ್ಲಿ ಇಡಲಾಗಿದೆ. ವರ್ಗೀಕರಣಕ್ಕೆ ಗಮನ ಕೊಡದ ಕಡೆ ಈ ಮೂಲೆಯೇ ಉಗ್ರಾಣವಾಗಿ ಬೆಳೆಯುತ್ತದೆ.

ಗೋಡೆಯನ್ನು ಗೋಡೆಯೆಂದು ಗುರುತಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ಅದನ್ನು ನೋಡುವವರ ಉದ್ದೇಶಗಳು ಬೇರೆ ಬೇರೆ. ಕಟ್ಟಡದ ಭಾಗಗಳ ಪ್ರಕಾರ ವೆಚ್ಚವನ್ನು ಅಂದಾಜು ಮಾಡುವ ಅಮೆರಿಕದ ಯೂನಿಫಾರ್ಮ್ಯಾಟ್ ಪದ್ಧತಿಯಲ್ಲಿ ಹೊರಗೋಡೆಗೆ ಬಿ2010, ಒಳಗಿನ ಅಡ್ಡಗೋಡೆಗೆ ಸಿ1010 ಎಂಬ ಸಂಕೇತಗಳಿದ್ದರೆ, ಕೆಲಸದ ಬಗೆಯನ್ನು ಆಧರಿಸಿದ ಮಾಸ್ಟರ್‌ಫಾರ್ಮ್ಯಾಟ್‌ನಲ್ಲಿ ಎರಡೂ ಇಟ್ಟಿಗೆಯವೇ ಆಗಿದ್ದಲ್ಲಿ 04 21 13 ಎಂಬ ಒಂದೇ ಸಂಕೇತದಡಿ ಬರುತ್ತವೆ. ಭಾರತದಲ್ಲಿ ಕಟ್ಟಡ ಕೆಲಸಗಳ ಅಳತೆಯ ನಿಯಮಗಳನ್ನು ಹೇಳುವ ಐಎಸ್ 1200 ಮಾನಕದ ಪ್ರಕಾರ, ಒಂಬತ್ತು ಇಂಚಿನ ಗೋಡೆಯನ್ನು ಘನಮೀಟರಿನಲ್ಲಿ ಅಳೆದರೆ ಅದರ ಅರ್ಧ ದಪ್ಪದ ಅಡ್ಡಗೋಡೆಯನ್ನು ಚದರ ಮೀಟರಿನಲ್ಲಿ ಅಳೆಯಬೇಕು. ಗೋಡೆಯಲ್ಲಿ 60 ಸೆಂಟಿಮೀಟರ್ ಉದ್ದಗಲದ ಒಂದು ಗವಾಕ್ಷಿ ಇದೆ ಎನ್ನೋಣ. ಅದರ ವಿಸ್ತೀರ್ಣ 0.36 ಚದರ ಮೀಟರ್. ಇಟ್ಟಿಗೆ ಕೆಲಸದಲ್ಲಿ 0.1 ಚದರ ಮೀಟರಿಗಿಂತ ದೊಡ್ಡ ತೆರಪುಗಳನ್ನು ಕಳೆಯಬೇಕಾದ್ದರಿಂದ ಅದನ್ನು ಕಳೆಯಬೇಕು. ಗಾರೆ ಕೆಲಸದಲ್ಲಿ 0.5 ಚದರ ಮೀಟರಿನವರೆಗಿನ ತೆರಪುಗಳನ್ನು ಕಳೆಯುವಂತಿಲ್ಲವಾದ್ದರಿಂದ ಬಿಡಬೇಕು. ಒಂದೇ ಗವಾಕ್ಷಿ ಅಳತೆ ಪುಸ್ತಕದ ಒಂದು ಪುಟದಲ್ಲಿ ರಂಧ್ರವೆನಿಸಿ ಇನ್ನೊಂದರಲ್ಲಿ ತುಂಬಿದ ಗೋಡೆಯೆನಿಸುತ್ತದೆ. ಯಾವ ಘಟಕ ಯಾವ ಕೆಲಸಕ್ಕೆ ಸೇರಿದ್ದೆಂಬ ಗುರುತಿಲ್ಲದೆ ತಂತ್ರಾಂಶ ಈ ಎರಡು ನಿಯಮಗಳನ್ನು ಬೇರೆಬೇರೆಯಾಗಿ ಅನ್ವಯಿಸಲಾರದು.

ಒಂದು ವಸ್ತುವಿಗೆ ಒಂದೇ ಸ್ಥಾನ ಸಾಲದೆಂಬ ಈ ತೊಡಕನ್ನು ಕಟ್ಟಡದವರಿಗಿಂತ ಮೊದಲು ಆಳವಾಗಿ ಚಿಂತಿಸಿದವರು ಗ್ರಂಥಪಾಲಕರು. 1876ರಲ್ಲಿ ಪ್ರಕಟವಾದ ಮೆಲ್ವಿಲ್ ಡ್ಯೂಯಿಯವರ ದಶಮಾಂಶ ಪದ್ಧತಿ ಜ್ಞಾನವನ್ನೆಲ್ಲ ಒಂದು ಮರದ ಕೊಂಬೆಗಳಂತೆ ಕವಲೊಡೆಸಿ, ಪ್ರತಿ ಪುಸ್ತಕಕ್ಕೂ ಮೊದಲೇ ಗೊತ್ತಾದ ಒಂದು ಜಾಗವನ್ನು ಕೊಟ್ಟಿತು. ಗಣಿತದ ಅಧ್ಯಾಪಕರಾಗಿದ್ದು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ತರಬೇತಿಗೆಂದು ಲಂಡನ್ನಿಗೆ ಹೋಗಿದ್ದಾಗ ಅಲ್ಲಿನ ಅಂಗಡಿಯೊಂದರಲ್ಲಿ ಅವರು ಮೆಕ್ಯಾನೋ ಆಟಿಕೆಯನ್ನು ಕಂಡರು: ಅವೇ ಪಟ್ಟಿಗಳು, ತಿರುಪುಗಳು, ಚಕ್ರಗಳನ್ನು ಬೇರೆ ಬೇರೆಯಾಗಿ ಜೋಡಿಸಿದರೆ ಒಮ್ಮೆ ಒಂದು ಆಟಿಕೆ, ಇನ್ನೊಮ್ಮೆ ಮತ್ತೊಂದು. ವಿಷಯಗಳನ್ನೂ ಹೀಗೆಯೇ ಬಿಡಿ ಅಂಶಗಳಿಂದ ಜೋಡಿಸಬಹುದೆಂಬ ಹೊಳಹು 1933ರಲ್ಲಿ ದ್ವಿಬಿಂದು ವರ್ಗೀಕರಣವಾಗಿ ಪ್ರಕಟವಾಯಿತು. ವ್ಯಕ್ತಿತ್ವ, ದ್ರವ್ಯ, ಶಕ್ತಿ, ದೇಶ, ಕಾಲ ಎಂಬ ಐದು ಮೂಲ ಮುಖಗಳಿಂದ ಯಾವ ವಿಷಯವನ್ನಾದರೂ ಬಿಡಿಸಿ ನೋಡಿ, ಆ ಅಂಶಗಳನ್ನು ಚಿಹ್ನೆಗಳಿಂದ ಪೋಣಿಸುವ ಈ ವಿಧಾನ ಗ್ರಂಥಾಲಯದ ಹೊರಗೂ ಬಹುದೂರ ಬೆಳಕು ಚೆಲ್ಲಿದೆ. ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು.

ಕಟ್ಟಡ ಕ್ಷೇತ್ರದಲ್ಲಿ ಇದೇ ಬಗೆಯ ಆಲೋಚನೆ 1940ರ ದಶಕದ ಕೊನೆಗೆ ಸ್ವೀಡನ್ನಿನಲ್ಲಿ ಎಸ್‌ಎಫ್‌ಬಿ ಎಂಬ ಪದ್ಧತಿಯಾಗಿ ಮೂಡಿತು. ಅದರ ಬ್ರಿಟಿಷ್ ರೂಪದಲ್ಲಿ ಸುಟ್ಟ ಇಟ್ಟಿಗೆಯ ಹೊರಗೋಡೆಯನ್ನು (21)ಎಫ್‌ಜಿ2 ಎಂದು ಬರೆಯುತ್ತಿದ್ದರು: 21 ಎಂದರೆ ಹೊರಗೋಡೆ, ಎಫ್ ಎಂದರೆ ಇಟ್ಟಿಗೆ ಅಥವಾ ಬ್ಲಾಕಿನ ಕಟ್ಟುವಿಕೆ, ಜಿ2 ಎಂದರೆ ಸುಟ್ಟ ಜೇಡಿ. ಭಾಗ, ರೂಪ, ದ್ರವ್ಯಗಳೆಂಬ ಮೂರು ಮುಖಗಳು ಐದೇ ಅಕ್ಷರಾಂಕಗಳಲ್ಲಿ ಅಡಗಿರುವುದು ನಿಜಕ್ಕೂ ಸೊಗಸು. ಇಂದಿನ ಯೂನಿಕ್ಲಾಸ್, ಓಮ್ನಿಕ್ಲಾಸ್ ಪದ್ಧತಿಗಳಲ್ಲಿ ಕೋಣೆಗಳಿಗೆ, ಭಾಗಗಳಿಗೆ, ಉತ್ಪನ್ನಗಳಿಗೆ ಪ್ರತ್ಯೇಕ ಕೋಷ್ಟಕಗಳಿರುವುದೂ ಇದೇ ಜಾಡಿನಲ್ಲಿ.

ತಂತ್ರಾಂಶಗಳು ಈ ವಿಚಾರವನ್ನು ಅಳವಡಿಸಿಕೊಂಡಿರುವ ಬಗೆ ಒಂದೇ ತೆರನಲ್ಲ. 2017ರ ಆರ್ಕಿಕ್ಯಾಡ್ 21ರಿಂದ ಒಂದೇ ಘಟಕಕ್ಕೆ ಹಲವು ಪದ್ಧತಿಗಳ ಗುರುತುಗಳನ್ನು ಒಟ್ಟಿಗೆ ಹಚ್ಚಲು ಸಾಧ್ಯವಾಗಿದೆ. ರೆವಿಟ್‌ನಲ್ಲಿ ಯೂನಿಫಾರ್ಮ್ಯಾಟ್ ಸಂಕೇತ ಗೋಡೆಯ ನಮೂನೆಗೆ ಅಂಟಿಕೊಂಡಿರುತ್ತದೆಯೇ ಹೊರತು ಬಿಡಿ ಗೋಡೆಗಲ್ಲ; ಹಾಗಾಗಿ ಒಂದೇ ನಮೂನೆಯನ್ನು ಹೊರಗೂ ಒಳಗೂ ಬಳಸಿದರೆ ಎರಡಕ್ಕೂ ಒಂದೇ ಸಂಕೇತ ಬೀಳುತ್ತದೆ.

ಕೃತಕ ಬುದ್ಧಿಮತ್ತೆ ಈ ಕೆಲಸವನ್ನೆಲ್ಲ ತಾನೇ ಮಾಡಿಬಿಡುತ್ತದೆಂಬ ಮಾತು ಈಗ ಜೋರಾಗಿದೆ. ಆಕಾರ ನೋಡಿ ಕಂಬವನ್ನೂ ತೊಲೆಯನ್ನೂ ಯಂತ್ರ ಊಹಿಸಬಹುದು, ಸರಿಯಾಗಿಯೇ ಊಹಿಸಲೂಬಹುದು. ಆದರೆ ಗೋಡೆಯ ಕೆಲಸ ಯಾವ ಗುತ್ತಿಗೆಗೆ ಸೇರಿದ್ದು, ಯಾವ ದರಕ್ಕೆ ಒಳಪಟ್ಟದ್ದು ಎಂಬುದು ಆಕಾರದಲ್ಲಿ ಇಲ್ಲವೇ ಇಲ್ಲ, ಅದು ಮನುಷ್ಯರ ನಡುವಿನ ಒಪ್ಪಂದ. ನಮ್ಮ ಇಲಾಖೆಗಳ ದರಪಟ್ಟಿಗಳಲ್ಲಿ ಪ್ರತಿ ಕೆಲಸಕ್ಕೂ ಕ್ರಮಸಂಖ್ಯೆ ಈಗಾಗಲೇ ಇದೆ, ಅದನ್ನು ಇನ್ನೊಂದು ಮುಖವಾಗಿ ಮಾದರಿಗೆ ಸೇರಿಸಿಕೊಳ್ಳಲು ಅಡ್ಡಿಯಿಲ್ಲ. ಮೊದಲ ಗೋಡೆಯನ್ನು ಬಿಡಿಸುವ ಮುನ್ನವೇ ವಾಸ್ತುಶಿಲ್ಪಿ, ಎಂಜಿನಿಯರು, ಗುತ್ತಿಗೆದಾರರು ಒಟ್ಟಿಗೆ ಕುಳಿತು, ಯಾವ ಘಟಕಕ್ಕೆ ಯಾವ ಪಟ್ಟಿಯ ಯಾವ ಸಂಖ್ಯೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು.