ಸರ್ವರಿನ ಎಚ್ಚರಿಕೆಗಳು ಮತ್ತು ಬಾಹ್ಯ ಡ್ರೈವಿನ ಪ್ರತಿಗಳು

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು 2001 ಮತ್ತು 2004ರಲ್ಲಿ ನಡೆಸಿದ ಉತ್ಖನನದಿಂದ ಬೌದ್ಧ ಚೈತ್ಯ ವಿಹಾರಗಳ ಅವಶೇಷಗಳೂ ಮಣ್ಣಿನ ಹರಕೆಯ ಸ್ತೂಪಗಳೂ ಬೆಳಕಿಗೆ ಬಂದುವು. ಒಮ್ಮೆ ಅಗೆದ ಪದರವನ್ನು ಮತ್ತೊಮ್ಮೆ ಅಗೆಯಲು ಸಾಧ್ಯವಿಲ್ಲ. ಅಗೆದ ಮೇಲೆ ಆ ಪದರದ ವಿನ್ಯಾಸಕ್ಕೆ ಅಳತೆ, ನಕ್ಷೆ, ಛಾಯಾಚಿತ್ರಗಳೇ ಸಾಕ್ಷಿ. ಇಂಥ ದಾಖಲೆಗಳನ್ನು ಸರ್ವರಿನಲ್ಲಿಟ್ಟು, ಅವುಗಳ ಪ್ರತಿಯನ್ನು ಬಾಹ್ಯ ಡ್ರೈವಿನಲ್ಲಿ ಇಡುವುದು ಇಂದಿನ ವಾಡಿಕೆ. ಪ್ರತಿ ತೆಗೆಯುವ ಸೇವೆ ವಿಫಲವಾಯಿತೆಂದು ಸರ್ವರು ಎಚ್ಚರಿಸಿದಾಗ ಮಾಡತಕ್ಕುದೇನೆಂಬುದನ್ನು ಇಲ್ಲಿ ವಿಚಾರಿಸೋಣ.

ಎಚ್ಚರಿಕೆಯು ರೋಗದ ಲಕ್ಷಣವೇ ಹೊರತು ರೋಗವಲ್ಲ. ಅದು ನಿಂತುಹೋದ ಸೇವೆಯ ಹೆಸರನ್ನು ಹೇಳುತ್ತದೆ. ಕಾರಣವು ಅನೇಕ ವೇಳೆ ಅದಕ್ಕಿಂತ ಕೆಳಗಿನ ಹಂತದಲ್ಲಿರುತ್ತದೆ. ಸೇವೆಯನ್ನು ಪುನಃ ಚಾಲನೆಗೊಳಿಸಿದರೆ ಎಚ್ಚರಿಕೆ ಮರೆಯಾಗಬಹುದು, ದೋಷ ಉಳಿಯುತ್ತದೆ. ಆದುದರಿಂದ ಮೊದಲು ಲಾಗನ್ನು ಓದಿ, ಸಂಪರ್ಕ, ಡಿಸ್ಕು, ವ್ಯವಸ್ಥೆ ಎಂಬ ಕ್ರಮದಲ್ಲಿ ಪರೀಕ್ಷಿಸುವುದು ಉಚಿತ.

ಯುಎಸ್‌ಬಿ 2.0 ಪೋರ್ಟು ಸಾಮಾನ್ಯವಾಗಿ 500 ಮಿಲಿಆಂಪಿಯರ್, 3.0 ಪೋರ್ಟು 900 ಮಿಲಿಆಂಪಿಯರ್ ವಿದ್ಯುತ್ತನ್ನು ಒದಗಿಸಬಲ್ಲದು. ಸ್ವಂತ ವಿದ್ಯುತ್ ಸರಬರಾಜಿಲ್ಲದ ಡ್ರೈವಿಗೆ ಇದು ಸಾಲದಾದಾಗ, ಅಥವಾ ಕೇಬಲು ಸಡಿಲವಾದಾಗ, ಪ್ರತಿಯ ನಡುವೆಯೇ ಸಂಪರ್ಕ ತಪ್ಪುತ್ತದೆ. ವಿಂಡೋಸ್ ಲಾಗಿನಲ್ಲಿ ಡಿಸ್ಕಿನ ಹೆಸರಿನಡಿ 157ನೆಯ ಸಂಖ್ಯೆ ಕಂಡರೆ, ಡ್ರೈವು ಮುನ್ಸೂಚನೆಯಿಲ್ಲದೆ ಕಳಚಿತೆಂದು ತಿಳಿಯಬೇಕು. ಕೇಬಲು, ಪೋರ್ಟುಗಳನ್ನು ಬದಲಿಸಿ ನೋಡಬೇಕು. 7ನೆಯ ಸಂಖ್ಯೆಯಾದರೋ ಡಿಸ್ಕಿನ ಮೇಲ್ಮೈಯೇ ಕೆಟ್ಟಿರುವುದರ ಸೂಚನೆ. ಆಗ ದುರಸ್ತಿಗೆ ತೊಡಗುವ ಮೊದಲೇ ಮೂಲ ದಾಖಲೆಗಳನ್ನು ಬೇರೊಂದು ಡ್ರೈವಿಗೆ ನಕಲುಮಾಡಬೇಕು.

ಡಿಸ್ಕು ಸರಿಯಾಗಿದ್ದರೆ ಸ್ಥಳಾವಕಾಶವನ್ನು ನೋಡಬೇಕು. ಫ್ಯಾಟ್32 ವಿನ್ಯಾಸದ ಡ್ರೈವಿನಲ್ಲಿ ಜಾಗ ಎಷ್ಟೇ ಇದ್ದರೂ 4 ಜಿಬಿ ಅಥವಾ ಅದಕ್ಕೂ ದೊಡ್ಡದಾದ ಒಂದೇ ಫೈಲು ಹಿಡಿಯದು.

ಎಚ್ಚರಿಕೆಯೇ ಬಾರದ ವೈಫಲ್ಯ ಇವೆಲ್ಲಕ್ಕಿಂತ ಅಪಾಯಕರ. ಲಿನಕ್ಸ್ ಸರ್ವರಿನಲ್ಲಿ ಬಾಹ್ಯ ಡ್ರೈವು ಜೋಡಣೆಯಾಗದಿದ್ದರೂ ಅದಕ್ಕೆ ಮೀಸಲಾದ ಖಾಲಿ ಫೋಲ್ಡರು ಇದ್ದೇ ಇರುತ್ತದೆ. ಪ್ರತಿ ತೆಗೆಯುವ ಕಾರ್ಯಕ್ರಮವು ಆ ಫೋಲ್ಡರಿಗೇ ಬರೆದು, ಕೆಲಸ ಯಶಸ್ವಿಯಾಯಿತೆಂದು ವರದಿ ಮಾಡುತ್ತದೆ. ಮೂಲವೂ ಪ್ರತಿಯೂ ಒಂದೇ ಡಿಸ್ಕಿನಲ್ಲಿ ಉಳಿದು, ಅದು ಕೆಟ್ಟ ದಿನ ಎರಡೂ ನಾಶವಾಗುವುವು. ಡ್ರೈವು ಜೋಡಣೆಯಾಗಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಬರೆಯುವಂತೆ ಕಾರ್ಯಕ್ರಮದಲ್ಲಿ ವಿಧಿಸಿದರೆ ಈ ಆಪತ್ತು ತಪ್ಪುತ್ತದೆ.

ರಾಜಘಟ್ಟದ ಹರಕೆಯ ಸ್ತೂಪಗಳ ಗರ್ಭದಲ್ಲಿ ಲಿಪಿಯೊತ್ತಿದ ಮಣ್ಣಿನ ಮುದ್ರೆಗಳು ದೊರೆತಿವೆ. ಹೊರಗಿನಿಂದ ನೋಡಿದವರಿಗೆ ಒಳಗೇನಿದೆಯೆಂಬುದು ತಿಳಿಯದು. ಬಾಹ್ಯ ಡ್ರೈವಿನ ಪ್ರತಿಯೂ ಹಾಗೆಯೇ. ಆದುದರಿಂದ ತಿಂಗಳಿಗೊಮ್ಮೆಯಾದರೂ ಕೆಲವು ಫೈಲುಗಳನ್ನು ಬೇರೊಂದು ಯಂತ್ರಕ್ಕೆ ಮರಳಿ ತಂದು, ತೆರೆದು, ಮೂಲದೊಡನೆ ಹೋಲಿಸಿ ನೋಡಬೇಕು. ಇನ್ನೊಂದು ಡ್ರೈವನ್ನು ಬೇರೆ ಕಟ್ಟಡದಲ್ಲಿಡಬೇಕು. ಮರಳಿ ಪಡೆದು ನೋಡದ ಪ್ರತಿಯನ್ನು ಪ್ರತಿಯೆಂದು ನಂಬುವುದು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ.