ಶಾಲೆಯ ತೊಟ್ಟಿಯ ಪಾಚಿ ತಿನ್ನುವವರು ಯಾರು?

ನಿಮ್ಮ ಶಾಲೆಯಲ್ಲಿ ಒಂದು ಸಣ್ಣ ಗಾಜಿನ ತೊಟ್ಟಿ ಇದೆ ಎಂದುಕೊಳ್ಳಿ. ತಳದಲ್ಲಿ ತೊಳೆದ ಮರಳು, ಅದರಲ್ಲಿ ಊರಿದ ನಾಲ್ಕಾರು ನೀರಿನ ಗಿಡ, ಐದಾರು ಗಪ್ಪಿ ಮೀನು. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ನೀರಿನ ತೊಟ್ಟಿಗಳಿಗೆ ಬಿಡುತ್ತಾರಲ್ಲ, ಅದೇ ಗಪ್ಪಿ. ಮೊದಲ ವಾರ ಎಲ್ಲವೂ ಚೆನ್ನ. ಮೂರನೆಯ ವಾರಕ್ಕೆ ಗಾಜಿನ ಮೇಲೆ ಹಸಿರು ಪೊರೆ ಕಟ್ಟಿತು. ಬೆರಳಿನಿಂದ ಅದರ ಮೇಲೆ ಹೆಸರು ಬರೆಯಬಹುದು!

ಆಗ ಯಾರಾದರೂ ಹೇಳಿಯೇ ಹೇಳುತ್ತಾರೆ: "ಅಂಗಡಿಯಲ್ಲಿ ಸಕ್ಕರ್ ಮೀನು ಸಿಗುತ್ತದೆ. ಒಂದು ತಂದು ಬಿಡಿ, ಪಾಚಿಯನ್ನೆಲ್ಲ ತಿಂದುಹಾಕುತ್ತದೆ."

ತರಬೇಕೆ? ಸ್ವಲ್ಪ ತಾಳಿ. ಮೊದಲು ಪಾಚಿ ಏಕೆ ಬಂತು ಎಂದು ನೋಡೋಣ.

ಪಾಚಿಗೆ ಬೇಕಾದುದು ಬೆಳಕು ಮತ್ತು ಗೊಬ್ಬರ. ಕಿಟಕಿಯ ಬಿಸಿಲು ತೊಟ್ಟಿಗೆ ನೇರವಾಗಿ ಬೀಳುತ್ತಿದ್ದರೆ ಬೆಳಕು ಸಿಕ್ಕಿತು. ಇನ್ನು ಗೊಬ್ಬರ? ಅದನ್ನು ಹಾಕುವವರು ನಾವೇ! ಮೀನು ತಿನ್ನದೆ ಉಳಿದ ಆಹಾರ ತಳದಲ್ಲಿ ಕೊಳೆಯುತ್ತದೆ. ಅದರಿಂದ, ಮೀನಿನ ಮಲದಿಂದ, ನೈಟ್ರೇಟ್ ಮತ್ತು ಫಾಸ್ಫೇಟ್ ನೀರಿಗೆ ಸೇರುತ್ತವೆ. ನೀವು ನೆಟ್ಟ ಹೈಡ್ರಿಲ್ಲಾದಂತಹ ಗಿಡಗಳೂ ಇವನ್ನೇ ಹೀರುತ್ತವೆ. ಗಿಡ ಹೀರಿ ಉಳಿದದ್ದು ಪಾಚಿಯ ಪಾಲು. ಹಾಗಾಗಿ ಪಾಚಿ ತಿನ್ನುವ ಪ್ರಾಣಿಯನ್ನು ತಂದಮಾತ್ರಕ್ಕೆ ತೊಂದರೆ ಮುಗಿಯುವುದಿಲ್ಲ. ಆ ಪ್ರಾಣಿಯೂ ಮಲ ಹಾಕುತ್ತದೆ ಅಲ್ಲವೆ?

ಈಗ ತೊಟ್ಟಿಯನ್ನು ಅಳೆಯಿರಿ. ಉದ್ದ 45 ಸೆಂ.ಮೀ., ಅಗಲ 25 ಸೆಂ.ಮೀ., ನೀರಿನ ಎತ್ತರ 22 ಸೆಂ.ಮೀ. ಇದ್ದರೆ ನೀರು ಎಷ್ಟು? ಗುಣಿಸಿದರೆ 24,750 ಘನ ಸೆಂ.ಮೀ. ಒಂದು ಲೀಟರ್ ಎಂದರೆ 1000 ಘನ ಸೆಂ.ಮೀ. ಅಂದರೆ ಇದರಲ್ಲಿ 25 ಲೀಟರಿಗೂ ಕಡಿಮೆ ನೀರಿದೆ. ಎರಡು ಕೊಡದಷ್ಟು ಎನ್ನಿ.

ಸಕ್ಕರ್ ಮೀನು ಅಂಗಡಿಯಲ್ಲಿ ನಿಮ್ಮ ಬೆರಳಿನಷ್ಟೇ ಉದ್ದ ಇರುತ್ತದೆ. ಆದರೆ ಅದು ಮರಿ. ದಕ್ಷಿಣ ಅಮೆರಿಕದ ನದಿಗಳಿಂದ ಬಂದ ಈ ಮೀನು ಬೆಳೆದರೆ 40 ಸೆಂ.ಮೀ. ದಾಟಬಲ್ಲದು. ನಮ್ಮ ತೊಟ್ಟಿಯ ಉದ್ದ ಎಷ್ಟು? 45! ಅದು ತಿರುಗಲೂ ಜಾಗವಿಲ್ಲ. ದೊಡ್ಡದಾದ ಮೇಲೆ ಜನ ಏನು ಮಾಡುತ್ತಾರೆ ಗೊತ್ತೆ? ಕೊಲ್ಲಲು ಮನಸ್ಸು ಬಾರದೆ ಕೆರೆಗೋ ಕಾಲುವೆಗೋ ಬಿಟ್ಟುಬಿಡುತ್ತಾರೆ. ಹೀಗೆಯೇ ಅದು ಪಶ್ಚಿಮ ಬಂಗಾಳ, ಕೇರಳ, ಆಂಧ್ರಪ್ರದೇಶಗಳ ಕೆರೆ, ನದಿಗಳಿಗೆ ಸೇರಿಕೊಂಡಿದೆ. ಮೈಮೇಲೆ ಕವಚದಂತಹ ಗಟ್ಟಿ ಫಲಕಗಳು, ರೆಕ್ಕೆಗೆ ಮುಳ್ಳು. ಬಲೆಗೆ ಬಿದ್ದರೆ ಬಲೆಯೇ ಹರಿಯುತ್ತದೆ. ಮೊಟ್ಟೆ ಇಡಲು ದಂಡೆಯ ಮಣ್ಣಿನಲ್ಲಿ ಬಿಲ ಕೊರೆಯುತ್ತದೆ. ಸಿಂಧನೂರು, ಮಸ್ಕಿ ಕಡೆಯ ಭತ್ತಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬೇಕು. ಲಿಂಗಸುಗೂರು ತಾಲ್ಲೂಕಿನ ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆ ಇದೆ. ಇಂತಹ ಕಡೆ ಮಣ್ಣಿನ ದಂಡೆ ಕೊರೆಯುವ ಮೀನನ್ನು ಬಿಡುವುದೆ? ಅಂಗಡಿಯವರು ಉಚಿತವಾಗಿ ಕೊಟ್ಟರೂ ಬೇಡ ಎನ್ನಿ.

ನಮ್ಮ ನದಿಗಳಲ್ಲೂ ಪಾಚಿ ಕೆರೆಯುವ ಮೀನಿದೆ. ಅದರ ಹೆಸರು ಗರ್ರಾ. ಕೃಷ್ಣಾ, ತುಂಗಭದ್ರಾ ನದಿಗಳ ಬಂಡೆಗಳಿಗೆ ಬಾಯಿಯ ಕೆಳಗಿನ ಬಿಲ್ಲೆಯಿಂದ ಅಂಟಿಕೊಂಡು, ರಭಸದ ನೀರಿನಲ್ಲೂ ಮೇಯುತ್ತದೆ. ಆದರೆ ಹರಿಯುವ ನೀರಿಗೆ ಒಗ್ಗಿದ ಅದಕ್ಕೆ ನಿಂತ ನೀರಿನ ಪುಟ್ಟ ತೊಟ್ಟಿ ಸೆರೆಮನೆಯೇ ಸರಿ.

ಹಾಗಾದರೆ ಸೀಗಡಿ? ಜಪಾನಿನ ತಕಾಶಿ ಅಮಾನೋ ಎಂಬ ಛಾಯಾಗ್ರಾಹಕರು ಗಿಡಗಳ ತೊಟ್ಟಿಯಲ್ಲಿ ಪಾಚಿ ತಿನ್ನಲು ಒಂದು ಜಾತಿಯ ಪುಟ್ಟ ಸೀಗಡಿಯನ್ನು ಬಿಟ್ಟರು. ಅದು ಎಷ್ಟು ಜನಪ್ರಿಯವಾಯಿತೆಂದರೆ ಇಂದು ಅದನ್ನು ಅಮಾನೋ ಸೀಗಡಿ ಎಂದೇ ಕರೆಯುತ್ತಾರೆ. ಒಳ್ಳೆಯ ಕೆಲಸಗಾರ. ಆದರೆ ನಮ್ಮ ಊರಿನ ಬೇಸಿಗೆ ನೆನಪಿಸಿಕೊಳ್ಳಿ! ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. 20 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ. ತಂಪು ನೀರಿನ ಸೀಗಡಿಗೆ ಇದು ಕಷ್ಟ. ಬೆಂಗಳೂರಿನವರ ತೊಟ್ಟಿಗೆ ಹೊಂದುವುದೆಲ್ಲ ಲಿಂಗಸುಗೂರಿಗೆ ಹೊಂದಬೇಕೆಂದಿಲ್ಲ.

ಉಳಿದದ್ದು ಬಸವನಹುಳು. ಇದನ್ನು ಅಂಗಡಿಯಿಂದ ಕೊಳ್ಳಬೇಕಿಲ್ಲ. ನೀರು ನಿಂತ ಗದ್ದೆಯ ಬದುವಿನಲ್ಲಿ, ಕೆರೆಯ ಅಂಚಿನಲ್ಲಿ ಇದೆ. ಆದರೆ ನೀವು ಕಾಲುವೆಗೆ ಇಳಿಯಬೇಡಿ. ದೊಡ್ಡವರಿಗೆ ಹೇಳಿ ತರಿಸಿ. ತಂದುದನ್ನೆಲ್ಲ ತೊಟ್ಟಿಗೆ ಸುರಿಯುವಂತಿಲ್ಲ, ಆರಿಸಬೇಕು.

ಹುಳು ಚಿಪ್ಪಿನೊಳಗೆ ಸೇರಿಕೊಂಡಾಗ ಬಾಯಿಯನ್ನು ನೋಡಿ. ಕೆಲವಕ್ಕೆ ಬಾಗಿಲಿನಂತಹ ಮುಚ್ಚಳ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಮುಚ್ಚಳವಿಲ್ಲದವುಗಳಲ್ಲಿ ಒಂದು ಬಗೆ, ಸುತ್ತಿಟ್ಟ ಹಗ್ಗದಂತೆ ಚಪ್ಪಟೆಯಾಗಿರುವುದು. ಇನ್ನೊಂದು ತೆಳು ಚಿಪ್ಪಿನ, ಚೂಪು ತುದಿಯದು. ಇವೆರಡೂ ಬೇಡ. ದನಗಳ ಮೂಗಿನ ರಕ್ತನಾಳದಲ್ಲಿ ನೆಲೆಸಿ ಗೊರಕೆಯಂತೆ ಸದ್ದು ಬರಿಸುವ ಹುಳು ತನ್ನ ಬಾಲ್ಯವನ್ನು ಮೊದಲನೆಯದರಲ್ಲಿ ಕಳೆಯುತ್ತದೆ. ದನ, ಕುರಿಗಳ ಪಿತ್ತಜನಕಾಂಗ ಕೆಡಿಸುವ ಎಲೆಯಾಕಾರದ ಹುಳು ಎರಡನೆಯದರಲ್ಲಿ ಬೆಳೆಯುತ್ತದೆ. ಅಂತಹ ನೀರಿನಲ್ಲಿ ಕೈಯಿಟ್ಟರೆ ನಮಗೂ ಚರ್ಮದ ತುರಿಕೆ ಬರಬಹುದು.

ಮುಚ್ಚಳ ಇರುವವುಗಳಲ್ಲಿ ನಿಂಬೆಹಣ್ಣಿನಂತೆ ದಪ್ಪಗಿರುವುದು ಪೈಲಾ. ನಾನು ಒಮ್ಮೆ ಇದನ್ನು ಹಿಗ್ಗಿನಿಂದ ತಂದು ಬಿಟ್ಟಿದ್ದೆ. ಪಾಚಿ ಇದ್ದಲ್ಲೇ ಇತ್ತು, ಗಿಡಗಳು ಮಾತ್ರ ಮಾಯ! ನಮಗೆ ಬೇಕಾದುದು ಬೆಲ್ಲಮ್ಯಾ. ಚಿಪ್ಪು ಸುಮಾರು 3 ಸೆಂ.ಮೀ., ಅದರ ಮೇಲೆ ಕಪ್ಪು ಗೆರೆಗಳು. ಗಾಜಿನ ಪಾಚಿಯನ್ನು ಕೆರೆದು ತಿನ್ನುತ್ತದೆ, ತಳದ ಕೊಳೆತದ್ದನ್ನೂ ತಿನ್ನುತ್ತದೆ. ಮೊಟ್ಟೆ ಇಡದೆ, ಚಿಪ್ಪು ಸಮೇತ ಪುಟಾಣಿ ಮರಿಗಳನ್ನೇ ಹಾಕುತ್ತದೆ. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕೂರುತ್ತದಲ್ಲ? ಆ ಸುಣ್ಣದ ಅಂಶ ಅದರ ಚಿಪ್ಪು ಕಟ್ಟಲು ಬೇಕು.

ನಮ್ಮ ತೊಟ್ಟಿಗೆ ಇಂತಹ ಎರಡು ಅಥವಾ ಮೂರು ಸಾಕು. ಮೊದಲು ಬೇರೆ ಬಾಟಲಿಯಲ್ಲಿ ಎರಡು ವಾರ ಇಟ್ಟು, ನೀರು ಬದಲಿಸುತ್ತಿರಿ. ಮುಟ್ಟಿದಾಗಲೆಲ್ಲ ಸೋಪಿನಿಂದ ಕೈ ತೊಳೆಯಿರಿ. ಒಂದು ಹುಳು ಅಲುಗಾಡದೆ ಕೆಟ್ಟ ವಾಸನೆ ಬಂದರೆ ಸತ್ತಿದೆ ಎಂದರ್ಥ. ಕೂಡಲೇ ತೆಗೆಯಿರಿ, ಇಲ್ಲವಾದರೆ ನೀರೆಲ್ಲ ಕೆಡುತ್ತದೆ. ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಿ. ತೊಟ್ಟಿಯನ್ನು ನೇರ ಬಿಸಿಲಿನಿಂದ ಸರಿಸಿ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ. ನಲ್ಲಿ ನೀರಾದರೆ ಒಂದು ದಿನ ಬಕೆಟ್ಟಿನಲ್ಲಿ ತೆರೆದಿಡಿ, ಕ್ಲೋರಿನ್ ಹಾರಿಹೋಗಲಿ. ಉಳಿದ ಪಾಚಿಗೆ ಒಂದು ತುಂಡು ಸ್ಪಂಜು ಇದ್ದೇ ಇದೆ.

ಬಸವನಹುಳು ಗಾಜಿನ ಮೇಲೆ ಹತ್ತಿದಾಗ ಹೊರಗಿನಿಂದ ಅದರ ಬಾಯಿಯನ್ನು ನೋಡಿ. ಸಾಲು ಸಾಲು ಸೂಕ್ಷ್ಮ ಹಲ್ಲುಗಳಿರುವ ನಾಲಿಗೆ ಹೊರಬಂದು, ಗಾಜನ್ನು ಉಜ್ಜಿ, ಒಳಗೆ ಹೋಗುತ್ತದೆ. ಹುಳು ಹೋದ ಮೇಲೆ ಪಾಚಿಯಲ್ಲಿ ಅದು ಮೇಯ್ದ ಜಾಡು ಉಳಿಯುತ್ತದೆ. ಅಳತೆಪಟ್ಟಿ ಹಿಡಿದು, ಮಧ್ಯಾಹ್ನದ ಊಟದ ಬಿಡುವಿನಲ್ಲಿ ಅದು ಎಷ್ಟು ಸೆಂ.ಮೀ. ಮೇಯಿತು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.